ಸ್ವಂತ ಮನೆಯ ಸಂಬಳವಿಲ್ಲದ ಪಾರುಪತ್ಯಗಾರರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಹೋದರು. ಆ ಹಿರಿಯರು ಮುಂಬಯಿಯಲ್ಲಿ ಬಾಳಿದ್ದರೆ ಈ ಎರಡರೊಡನೆ ಮೂರನೆಯದೊಂದನ್ನೂ ಸೇರಿಸುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ: ಹೌಸಿಂಗ್ ಸೊಸಾಯಟಿಯ ಸೆಕ್ರೆಟರಿಯಾಗಿ ನೋಡು. ಮದುವೆಯ ಗದ್ದಲ ನಾಲ್ಕು ದಿನಗಳಲ್ಲಿ ಅಡಗುತ್ತದೆ. ಮನೆ ಕಟ್ಟಿಸುವವನ ತಾಪತ್ರಯ ಗೃಹಪ್ರವೇಶದ ಹಾಲು ಉಕ್ಕುವುದರೊಂದಿಗೆ ಬಹುಮಟ್ಟಿಗೆ ತೀರುತ್ತದೆ. ಸೆಕ್ರೆಟರಿಯಾದವನ ಪಾಡು ಹಾಗಲ್ಲ. ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಅವನ ಬಾಗಿಲ ಗಂಟೆ ಬಾರಿಸುವವರು ನಲ್ಲಿಯಲ್ಲಿ ನೀರು ಬಾರದ ಮೂರನೆಯ ಮಹಡಿಯವರು. ರಾತ್ರಿ ಊಟಕ್ಕೆ ಕುಳಿತಾಗ ಬಾರಿಸುವವರು ತಮ್ಮ ಕಾರಿನ ಜಾಗದಲ್ಲಿ ಇನ್ನಾರದೋ ಸ್ಕೂಟರ್ ನಿಂತಿದೆಯೆಂದು ದೂರು ತಂದವರು. ಈ ಸೇವೆಗೆ ಸಂಬಳವಿಲ್ಲ. ಹುದ್ದೆಯ ಹಿಂದೆ 'ಗೌರವ' ಎಂಬ ಒಂದು ಪದವಿದೆ. ವಾರ್ಷಿಕ ಸಾಮಾನ್ಯ ಸಭೆಯ ದಿನ ಅದೂ ಉಳಿದೀತೆಂಬ ಭರವಸೆಯಿಲ್ಲ.

ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಕನ್ನಡಿಗನ ಸಂಸಾರದ ಕಥೆ ಬಹುತೇಕ ಒಂದೇ ಹಾದಿಯಲ್ಲಿ ಸಾಗಿದೆ. ಮೊದಲು ಹೋಟೆಲಿನ ಮಾಳಿಗೆ ಅಥವಾ ಊರವರ ಖೋಲಿ, ಆಮೇಲೆ ಚಾಳಿನ ಒಂದು ಕೋಣೆ, ಕೊನೆಗೆ ಪ್ರಾವಿಡೆಂಟ್ ಫಂಡಿನ ಸಾಲ, ಹೆಂಡತಿಯ ಬಳೆ, ಊರಿನ ಗದ್ದೆಯ ಪಾಲು ಎಲ್ಲವನ್ನೂ ಒಟ್ಟುಗೂಡಿಸಿ ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಮೀರಾ ರೋಡಿನಲ್ಲೋ ಕೊಂಡ ಫ್ಲ್ಯಾಟು. ಜೀವಮಾನದ ಬಂಡವಾಳವೆಲ್ಲ ಅದರಲ್ಲಿಯೇ ಇದೆ. ಆದರೆ ಕೊಂಡದ್ದು ನಿಜವಾಗಿ ಏನನ್ನು ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ. ಊರಿನಲ್ಲಿ ಮನೆಯೆಂದರೆ ಅದರಡಿಯ ನೆಲವೂ ಸೇರಿತು. ಇಲ್ಲಿ ನಾಲ್ಕನೆಯ ಮಹಡಿಯವನಿಗೆ ಕೆಳಗಿರುವುದು ಮೂರನೆಯ ಮಹಡಿಯವನ ಮಾಡು, ಮೇಲಿರುವುದು ಐದನೆಯ ಮಹಡಿಯವನ ನೆಲ. ಸಹಕಾರಿ ಕಾಯಿದೆಯ ಪ್ರಕಾರ ನಿವೇಶನವೂ ಕಟ್ಟಡವೂ ಸೊಸಾಯಟಿಗೆ ಸೇರಬೇಕಾದವು. ಸದಸ್ಯನ ಕೈಯಲ್ಲಿರುವುದು ಒಂದು ಷೇರು ಪತ್ರ ಮತ್ತು ಅದರ ಬಲದಿಂದ ಫ್ಲ್ಯಾಟಿನಲ್ಲಿ ವಾಸಿಸುವ ಹಕ್ಕು. ಹಾಗಾದರೆ ಆ ಸೊಸಾಯಟಿ ಯಾರು? ಕಾನೂನಿನ ದೃಷ್ಟಿಯಲ್ಲಿ ಅದೊಂದು ಸ್ವತಂತ್ರ ವ್ಯಕ್ತಿ. ಆದರೆ ಈ ವ್ಯಕ್ತಿಗೆ ಸ್ವಂತ ಕೈಕಾಲುಗಳಿಲ್ಲ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಮೂವರೇ ಅದಕ್ಕೆ ಕೈಕಾಲು.

ಈ ವ್ಯವಸ್ಥೆಯ ಮೂಲದಲ್ಲಿ ಕನ್ನಡ ನಾಡಿನ ನಂಟಿದೆಯೆಂಬುದು ಇಂದಿನವರಲ್ಲಿ ಹಲವರಿಗೆ ತಿಳಿಯದು. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಜಾರಿಗೆ ತಂದ ಮರುವರ್ಷವೇ ಗದಗದ ಸಮೀಪದ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ರೈತರ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ 1909ರಲ್ಲೇ ಗೃಹನಿರ್ಮಾಣಕ್ಕಾಗಿ ಸಹಕಾರ ಸಂಘವೊಂದು ಸ್ಥಾಪನೆಯಾಯಿತು. ಮುಂಬಯಿಯಲ್ಲಿ ಈ ಕಾರ್ಯಕ್ಕೆ ಮುಂದಾದವರು ಕೆನರಾ ಸಾರಸ್ವತ ಸಮಾಜದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ ತಲ್ಮಕಿಯವರು. ಕರಾವಳಿಯ ಕೆನರಾ ಜಿಲ್ಲೆಗಳಿಂದ ಬಂದ ಈ ಸಮಾಜದ ಮನೆಮಾತು ಕೊಂಕಣಿ, ಊರಿನ ನಂಟು ಕನ್ನಡ ನಾಡಿನದು. ತಲ್ಮಕಿಯವರು 1906ರಲ್ಲಿ ತಮ್ಮ ಗುರುಸಮಾನರಾದ ಶಾಮರಾವ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ ಪತ್ತಿನ ಸಂಘವನ್ನು ಆರಂಭಿಸಿದರು. ಅದೇ ಮುಂದೆ ಶಾಮರಾವ ವಿಠ್ಠಲ ಸಹಕಾರಿ ಬ್ಯಾಂಕಾಗಿ ಬೆಳೆಯಿತು. 1904ರ ಕಾಯಿದೆಯಲ್ಲಿ ಸಾಲ ಕೊಡುವ ಸಂಘಗಳಿಗಷ್ಟೇ ಎಡೆಯಿತ್ತು. 1912ರ ಎರಡನೆಯ ಕಾಯಿದೆ ಇತರ ಉದ್ದೇಶಗಳಿಗೂ ಬಾಗಿಲು ತೆರೆದ ಮೇಲೆ, 1915ರಲ್ಲಿ, ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸೊಸಾಯಟಿ ನೋಂದಣಿಯಾಯಿತು. ತಲ್ಮಕಿಯವರಿಗೆ ಭಾರತದ ಸಹಕಾರಿ ವಸತಿ ಚಳವಳಿಯ ಜನಕರೆಂಬ ಗೌರವ ಸಂದಿದೆ. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಗಾಮದೇವಿಯ ಸೊಸಾಯಟಿಯಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಅಲ್ಲಿ ಜನ ಮೊದಲು ಕೂಡಿದರು, ಕಟ್ಟಡ ಆಮೇಲೆ ಎದ್ದಿತು. ಒಬ್ಬರನ್ನೊಬ್ಬರು ಬಲ್ಲವರು, ಒಂದೇ ಸಮಾಜದವರು, ಷೇರು ಹಣ ಕೂಡಿಸಿ ಮನೆ ಮಾಡಿಕೊಂಡರು. ನೆಲ ಯಾರದು, ಲೆಕ್ಕ ಯಾರ ಬಳಿ ಎಂಬ ಪ್ರಶ್ನೆಯೇ ಅಲ್ಲಿ ಏಳುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನಿಗೆ ರಕ್ಷಣೆ ದೊರೆಯಿತು, ನಿಜ; ಆದರೆ ಬಾಡಿಗೆಗಾಗಿ ಮನೆ ಕಟ್ಟಿಸುವ ಉತ್ಸಾಹ ಬಂಡವಾಳಗಾರರಲ್ಲಿ ಬತ್ತಿಹೋಯಿತು, ಇದ್ದ ಕಟ್ಟಡಗಳಿಗೆ ರಿಪೇರಿಯೂ ಇಲ್ಲವಾಯಿತು, ಪಗಡಿಯ ವ್ಯವಹಾರ ಬೇರೂರಿತು. ಕಟ್ಟಿ ಮಾರಿಬಿಡುವುದೇ ಲಾಭವೆಂದು ಕಂಡುಕೊಂಡ ಬಿಲ್ಡರುಗಳು 'ಓನರ್‌ಶಿಪ್ ಫ್ಲ್ಯಾಟು'ಗಳನ್ನು ತಂದರು. ಈಗ ಕಟ್ಟಡ ಮೊದಲು, ಜನ ಆಮೇಲೆ. ಗುಜರಾತಿ, ಮರಾಠಿ, ತಮಿಳ, ಸಿಂಧಿ, ಬಂಟ್ವಾಳದವ, ಧಾರವಾಡದವ, ಎಲ್ಲರೂ ಬೇರೆ ಬೇರೆ ದಿನ ಬೇರೆ ಬೇರೆ ದರಕ್ಕೆ ಫ್ಲ್ಯಾಟು ಕೊಂಡು ಒಂದೇ ಜಿನೆಯನ್ನು ಹತ್ತತೊಡಗಿದರು. ಪರಸ್ಪರ ಪರಿಚಯವೇ ಇಲ್ಲದ ಈ ಜನರಿಂದ ಒಂದು ಸಂಘವನ್ನು ಸೃಷ್ಟಿಸುವ ಹೊಣೆ ಅವರಲ್ಲೇ ಮೂರು ನಾಲ್ಕು ಮಂದಿಯ ಹೆಗಲಿಗೆ ಬಿತ್ತು. ತಲ್ಮಕಿಯವರ ಕಾಲದಲ್ಲಿ ಆರಂಭಬಿಂದುವಾಗಿದ್ದದ್ದು ಇಂದಿನ ಕಾರ್ಯದರ್ಶಿಗೆ ಮುಟ್ಟಬೇಕಾದ ಗುರಿಯಾಗಿದೆ.

ಅದರಲ್ಲಿ ಅತ್ಯಂತ ಕಠಿಣವಾದದ್ದು ನೆಲದ ಪ್ರಶ್ನೆ. ಮಹಾರಾಷ್ಟ್ರದ 1963ರ ಫ್ಲ್ಯಾಟು ಮಾಲಿಕತ್ವ ಕಾಯಿದೆ ಮತ್ತು ಅದರ ನಿಯಮಗಳು ಬಿಲ್ಡರನ ಮೇಲೆ ಎರಡು ಕರ್ತವ್ಯಗಳನ್ನು ಹೊರಿಸಿದವು. ಸೊಸಾಯಟಿ ಸ್ಥಾಪನೆಗೆ ಬೇಕಾದಷ್ಟು ಮಂದಿ ಫ್ಲ್ಯಾಟು ಕೊಂಡ ನಾಲ್ಕು ತಿಂಗಳೊಳಗೆ ಅದರ ನೋಂದಣಿಗೆ ಅರ್ಜಿ ಹಾಕಬೇಕು. ಸೊಸಾಯಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ನಿವೇಶನ ಮತ್ತು ಕಟ್ಟಡದ ಒಡೆತನವನ್ನು ಅದಕ್ಕೆ ಬರೆದುಕೊಡಬೇಕು. ಹೀಗೆ ಬರೆದುಕೊಡುವುದನ್ನೇ 'ಕನ್ವೇಯನ್ಸ್' ಎನ್ನುತ್ತಾರೆ. ಕಾಗದದ ಮೇಲೆ ನಾಲ್ಕು ತಿಂಗಳು, ನಡೆದದ್ದು ಬೇರೆ. ಮೂವತ್ತು ನಲವತ್ತು ವರ್ಷ ಕಳೆದರೂ ನೆಲ ಬಿಲ್ಡರನ ಹೆಸರಿನಲ್ಲೋ ಆತನಿಗೆ ಮಾರಿದ ಮೂಲ ಜಮೀನುದಾರನ ಹೆಸರಿನಲ್ಲೋ ಉಳಿದ ಸೊಸಾಯಟಿಗಳು ಅನೇಕ. ಮನೆಯಲ್ಲಿ ವಾಸವಿರುವವರಿಗೆ ಇದರಿಂದ ನಿತ್ಯದ ಬಾಧೆಯೇನೂ ಇಲ್ಲದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೀರು ಬರುತ್ತದೆ, ಲೈಟು ಉರಿಯುತ್ತದೆ, ಮತ್ತೇನು ಬೇಕು?

ಬೇಕಾದದ್ದೇನೆಂದು ತಿಳಿಯುವುದು ಕಟ್ಟಡ ಮುಪ್ಪಾದಾಗ. ನೆಲ ಯಾರ ಹೆಸರಿನಲ್ಲಿದೆಯೋ ಅದರ ಮೇಲೆ ಇನ್ನಷ್ಟು ಕಟ್ಟುವ ಹಕ್ಕಿಗೆ ಅವರೇ ಕೈಚಾಚುತ್ತಾರೆ. ಸರಕಾರ ಕಾಲಕಾಲಕ್ಕೆ ಹೆಚ್ಚಿಸುವ ಎಫ್.ಎಸ್.ಐ.ಯ ಬೆಲೆ ಕೆಲವು ಪ್ರದೇಶಗಳಲ್ಲಿ ಮೂಲ ಫ್ಲ್ಯಾಟುಗಳ ಬೆಲೆಯನ್ನು ಎಷ್ಟೋ ಪಟ್ಟು ಮೀರಿದೆ. ಮಕ್ಕಳು ಆಡುತ್ತಿದ್ದ ಖಾಲಿ ಜಾಗದಲ್ಲಿ ಒಂದು ದಿನ ಇನ್ನೊಂದು ವಿಂಗ್ ಏಳತೊಡಗುತ್ತದೆ. ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿಸೋಣವೆಂದರೆ, ನೆಲ ನಿಮ್ಮದೆಂಬುದಕ್ಕೆ ದಾಖಲೆ ತನ್ನಿ ಎನ್ನುತ್ತಾರೆ.

ಈ ಅನ್ಯಾಯಕ್ಕೆ ಪರಿಹಾರವಾಗಿ 2008ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಬಿಲ್ಡರ್ ಸಹಿ ಹಾಕದಿದ್ದರೂ, ಆತ ತೀರಿಕೊಂಡಿದ್ದರೂ, ಕಂಪನಿ ಮುಚ್ಚಿಹೋಗಿದ್ದರೂ, ಸೊಸಾಯಟಿ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಹಾಕಿ ಎದುರು ಪಕ್ಷಕ್ಕೆ ನೋಟೀಸು ಹೋದ ಬಳಿಕ ವಿಚಾರಣೆಯ ಮೂಲಕ ಒಡೆತನದ ಪ್ರಮಾಣಪತ್ರವನ್ನು ಪಡೆಯಬಹುದು. 'ಡೀಮ್ಡ್ ಕನ್ವೇಯನ್ಸ್' ಎಂದರೆ ಇದೇ. ಕಾಯಿದೆಯಲ್ಲಿ ಇದಕ್ಕೆ 6 ತಿಂಗಳ ಮಿತಿಯಿದೆ. ಆದರೆ ಅರ್ಜಿಗೆ ಬೇಕಾದ ಕಾಗದಗಳನ್ನು ಕೂಡಿಸುವವರು ಯಾರು? ಪ್ರತಿಯೊಂದು ಫ್ಲ್ಯಾಟಿನ ನೋಂದಾಯಿತ ಕರಾರುಪತ್ರ, ಸ್ಟ್ಯಾಂಪ್ ಡ್ಯೂಟಿ ಕಟ್ಟಿದ ರಸೀತಿ, ಮಂಜೂರಾದ ನಕ್ಷೆ, ಪ್ರಾಪರ್ಟಿ ಕಾರ್ಡು, ಸದಸ್ಯರ ಪಟ್ಟಿ, ಎಲ್ಲವೂ ಬೇಕು. ಕೈಯಿಂದ ಕೈಗೆ ಮೂರು ಬಾರಿ ಮಾರಾಟವಾದ ಫ್ಲ್ಯಾಟಿನ ಮೊದಲ ಕರಾರನ್ನು ಹುಡುಕಲು ಕಾರ್ಯದರ್ಶಿ ರಜೆ ಹಾಕಿ ನೋಂದಣಿ ಕಚೇರಿಗೆ ಅಲೆಯುತ್ತಾನೆ. ಸದಸ್ಯನೊಬ್ಬ ನಿವೃತ್ತನಾಗಿ ಕುಂದಾಪುರದ ಹಳ್ಳಿಗೆ ಹೋಗಿದ್ದರೆ ಅವನಿಗೆ ಪತ್ರದ ಮೇಲೆ ಪತ್ರ. ಖರ್ಚಿಗೆ ವಂತಿಗೆ ಕೇಳಿದಾಗ ಬರುವ ಉತ್ತರ ಮಾತ್ರ ಎಲ್ಲ ಭಾಷೆಗಳಲ್ಲೂ ಒಂದೇ: 'ಇಷ್ಟು ವರ್ಷ ನಡೆಯಲಿಲ್ಲವೇ?' ಮೂರು ವರ್ಷದ ಅಲೆದಾಟದ ಕೊನೆಗೆ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸಾಯಟಿಯ ಹೆಸರು ಏರಿದರೆ, ಅಂದು ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ನಿಜವಾದ ಆಸ್ತಿಯಾಯಿತೆಂದು ತಿಳಿಯಬೇಕು. ಅಂದಿನ ಪೇಢೆಯನ್ನೂ ಹೆಚ್ಚಾಗಿ ಕಾರ್ಯದರ್ಶಿಯೇ ಹಂಚುತ್ತಾನೆ.

ಸಂಘಟಿತರಾದ ನಿವಾಸಿಗಳು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ದಹಿಸರದ ಪಂಚಾಲಿ ಸೊಸಾಯಟಿ ಸಾಕ್ಷಿ. ಕಂಬಗಳ ನಡುವಿನ ನೆಲಮಟ್ಟದ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರಬಹುದೇ ಎಂಬ ಆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಏರಿತು. ಅಂಥ ಜಾಗ ಫ್ಲ್ಯಾಟಲ್ಲ, ಅದನ್ನು ಬಿಡಿಯಾಗಿ ಮಾರುವಂತಿಲ್ಲವೆಂದು 2010ರಲ್ಲಿ ತೀರ್ಪಾಯಿತು. ಆ ತೀರ್ಪಿನ ಫಲವನ್ನು ಇಂದು ಉಣ್ಣುತ್ತಿರುವ ಇತರ ಸೊಸಾಯಟಿಗಳವರಿಗೆ ಪಂಚಾಲಿ ಎಂಬ ಹೆಸರೇ ಗೊತ್ತಿರಲಾರದು. ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ವರಳಿಯ ಕ್ಯಾಂಪಾ ಕೋಲಾ ಆವರಣದಲ್ಲಿ 1980ರ ದಶಕದಲ್ಲಿ ಎದ್ದ ಏಳು ಕಟ್ಟಡಗಳ ಮೇಲಿನ ಮಹಡಿಗಳು ಅನುಮತಿಯನ್ನು ಮೀರಿದವೆಂದೂ ಅವನ್ನು ಉಳಿಸಲಾಗದೆಂದೂ 2013ರಲ್ಲಿ ಅದೇ ನ್ಯಾಯಾಲಯ ಹೇಳಿತು. ಕೊಂಡವರು ಹಣ ತೆತ್ತವರೇ; ಕಾಗದ ನೋಡುವ ಹೊತ್ತು ಮಾತ್ರ ಮೀರಿತ್ತು.

ಕಾಗದದಿಂದ ಬಕೆಟ್ಟಿಗೆ ಇಳಿದರೆ ಕಾರ್ಯದರ್ಶಿಯ ನಿತ್ಯದ ಲೋಕ ತೆರೆದುಕೊಳ್ಳುತ್ತದೆ. ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು: ಮಹಾನಗರದಲ್ಲಿ ಸಂಸಾರದ ಆರೋಗ್ಯದ ಅರ್ಧಭಾಗ ಸೊಸಾಯಟಿಯ ಟಾಕಿಯಲ್ಲಿದೆ. ನಗರಪಾಲಿಕೆಯ ನೀರು ನೆಲದಡಿಯ ಟಾಕಿಗೆ ಬಂದು, ಪಂಪಿನಿಂದ ಟೆರೇಸಿನ ಟಾಕಿಗೆ ಏರಿ, ಅಲ್ಲಿಂದ ನಲ್ಲಿಗಿಳಿಯುತ್ತದೆ. ಟೆರೇಸಿನ ಟಾಕಿಯ ಮುಚ್ಚಳ ಒಡೆದಿದ್ದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತವರುಮನೆ ಬೇರೆಯಿಲ್ಲ. ಅದು ಮೊಟ್ಟೆಯಿಡುವುದು ಗಟಾರದಲ್ಲಿ ಅಲ್ಲ, ನಿಂತ ಶುದ್ಧ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ಟಾಕಿಯನ್ನು ಬರಿದುಮಾಡಿದರೆ ಸಾಲದು, ಗೋಡೆಯನ್ನು ಉಜ್ಜಬೇಕು. ಮಳೆಗಾಲಕ್ಕೆ ಮೊದಲು ಯಾರೋ ಒಬ್ಬರು ಕಬ್ಬಿಣದ ಏಣಿ ಹತ್ತಿ ಒಳಗೆ ಇಣುಕಿ ನೋಡಿದ್ದರಿಂದ ಎಷ್ಟು ಮಕ್ಕಳು ಜ್ವರದಿಂದ ಪಾರಾದರೆಂಬುದಕ್ಕೆ ಯಾವ ರಿಜಿಸ್ಟರಿನಲ್ಲೂ ಲೆಕ್ಕವಿಲ್ಲ.

ಸೋರಿಕೆಯ ವಿಷಯವನ್ನಂತೂ ಕೇಳಲೇಬಾರದು. ಮೇಲಿನವರ ಬಚ್ಚಲು, ಕೆಳಗಿನವರ ಮಾಡು: ಈ ನಗರದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಸಂಸಾರಗಳಲ್ಲಿ ಎಷ್ಟೋ ಸಂಸಾರಗಳ ನಡುವಿನ ಗೋಡೆ ಈ ತೇವದ ಗೋಡೆಯೇ. ಮಾದರಿ ಉಪವಿಧಿಗಳಲ್ಲಿ ನಿಯಮ ಸ್ಪಷ್ಟವಾಗಿದೆ. ಟೆರೇಸು, ಹೊರಗೋಡೆ, ಹೊರಗಿನ ಕೊಳವೆಗಳ ಸೋರಿಕೆ ಸೊಸಾಯಟಿಯ ಖರ್ಚು. ಬಚ್ಚಲು, ಪಾಯಖಾನೆ, ಸಿಂಕು ಮೊದಲಾದ ಒಳಗಿನ ಸೋರಿಕೆ ಆ ಸದಸ್ಯನ ಖರ್ಚು. ಆದರೆ ನೀರು ಎಲ್ಲಿಂದ ಹೊರಟು ಎಲ್ಲಿ ತೊಟ್ಟಿಕ್ಕುತ್ತದೆಂದು ಕಂಡುಹಿಡಿಯುವುದರಲ್ಲಿ ಪ್ಲಂಬರನೂ ಸೋಲುತ್ತಾನೆ, ಕಾರ್ಯದರ್ಶಿಯೂ ಸೋಲುತ್ತಾನೆ.

ಲಿಫ್ಟಿನದು ಇನ್ನೊಂದು ಬಗೆ. 1970-80ರ ದಶಕಗಳಲ್ಲಿ ಉಪನಗರಗಳಲ್ಲಿ ಎದ್ದ ಮೂರು ನಾಲ್ಕು ಮಹಡಿಯ ಕಟ್ಟಡಗಳಲ್ಲಿ ಅನೇಕಕ್ಕೆ ಲಿಫ್ಟಿಲ್ಲ. ಮೂವತ್ತರ ಪ್ರಾಯದಲ್ಲಿ ನಾಲ್ಕನೆಯ ಮಹಡಿಯನ್ನು ಗಾಳಿ ಬೆಳಕಿಗಾಗಿ ಆರಿಸಿಕೊಂಡವರಿಗೆ ಈಗ ಎಪ್ಪತ್ತೈದು. ಮೊಣಕಾಲು ಕೈಕೊಟ್ಟ ಮೇಲೆ ವೈದ್ಯರ ಬಳಿ ಹೋಗುವ ದಿನ ಬಿಟ್ಟು ಉಳಿದ ದಿನವೆಲ್ಲ ಅವರು ಮನೆಯೊಳಗಿನ ಬಂದಿಗಳು. ಹೊರಗಿನಿಂದ ಲಿಫ್ಟು ಜೋಡಿಸಬಹುದೆಂದು ಕಾರ್ಯದರ್ಶಿ ಪ್ರಸ್ತಾಪ ತಂದರೆ ನೆಲಮಹಡಿಯವರು ಕೈ ಎತ್ತುವುದಿಲ್ಲ. ಲಿಫ್ಟಿದ್ದಲ್ಲಿ ಬಳಸಲಿ ಬಿಡಲಿ ಎಲ್ಲ ಸದಸ್ಯರೂ ಸಮಪಾಲು ಕೊಡಬೇಕೆಂಬ ಉಪವಿಧಿಯಿರುವುದೇ ಅವರ ಅಂಜಿಕೆಗೆ ಕಾರಣ. ಆ ಅಂಜಿಕೆಯನ್ನು ಸ್ವಾರ್ಥವೆಂದು ಬಗೆಯುವುದು ಸುಲಭ, ಅವರಲ್ಲೂ ಪಿಂಚಣಿಯಿಲ್ಲದವರಿರುತ್ತಾರೆ.

ಹಣದ ಕೀಲಿ ಖಜಾಂಚಿಯ ಕೈಯಲ್ಲಿದೆ. ಫ್ಲ್ಯಾಟಿನ ನಿರ್ಮಾಣ ವೆಚ್ಚದ ಶೇಕಡ 0.25ರಷ್ಟನ್ನು ವರ್ಷಕ್ಕೆ ಸಿಂಕಿಂಗ್ ಫಂಡಿಗೂ, ಕನಿಷ್ಠ ಶೇಕಡ 0.75ರಷ್ಟನ್ನು ರಿಪೇರಿ ನಿಧಿಗೂ ಎತ್ತಬೇಕೆಂದು ಉಪವಿಧಿ ಹೇಳುತ್ತದೆ. 40 ವರ್ಷಗಳ ಹಿಂದಿನ ನಿರ್ಮಾಣ ವೆಚ್ಚದ ಮೇಲೆ ಲೆಕ್ಕ ಹಾಕಿದರೆ ಈ ಮೊತ್ತ ಇಂದು ಕೊತ್ತಂಬರಿ ಸೊಪ್ಪಿಗೂ ಸಾಲದು. 30 ವರ್ಷ ದಾಟಿದ ಕಟ್ಟಡಗಳಿಗೆ ಮುಂಬಯಿಯಲ್ಲಿ ಕಟ್ಟಡ ಸ್ಥಿರತೆಯ ತಪಾಸಣೆ ಕಡ್ಡಾಯ. ತಪಾಸಣೆಯ ವರದಿ ಬಂದು, ಕಂಬಗಳೊಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೆಂದು ಎಂಜಿನಿಯರ್ ಬರೆದ ದಿನ, ಮಾಸಿಕ ಶುಲ್ಕವನ್ನು ಹತ್ತು ವರ್ಷ ಏರಿಸಗೊಡದೆ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದವರು ಮೌನವಾಗುತ್ತಾರೆ.

ಈ ಖಜಾಂಚಿಯ ಕುರ್ಚಿಯಲ್ಲಿ ಕನ್ನಡಿಗನೊಬ್ಬನನ್ನು ಕಾಣುವುದು ಮುಂಬಯಿಯಲ್ಲಿ ಅಪರೂಪವಲ್ಲ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಊರಿನ ಹುಡುಗರನ್ನು ದೇಶದುದ್ದಕ್ಕೂ ಹಂಚಿದವು. 2019 ಮತ್ತು 2020ರ ವಿಲೀನಗಳಲ್ಲಿ ಆ ನಾಲ್ಕರಲ್ಲಿ ಮೂರರ ಹೆಸರು ಅಳಿಯಿತು. ಲೆಡ್ಜರಿನ ಶಿಸ್ತು ಮಾತ್ರ ನಿವೃತ್ತರಲ್ಲಿ ಉಳಿದಿದೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ನಿದ್ದೆ ಬಾರದ ಜಾತಿಯವರು ಅವರು. ಶಾಲೆಯಲ್ಲಿ ಮರಾಠಿ ಕಲಿಯದವರು ಉಪನಿಬಂಧಕರ ಕಚೇರಿಯ ಪತ್ರಗಳಿಗೆ ಉತ್ತರಿಸುತ್ತಾ ಮರಾಠಿಯಲ್ಲಿ ಪಳಗಿದ್ದಾರೆ. ಇತ್ತೀಚೆಗೆ ಸಮಿತಿಗೆ ಬಂದ ಗೃಹಿಣಿಯರೂ ಅನೇಕರು. ಬಾಕಿದಾರರ ಬಾಗಿಲಿಗೆ ಹೋಗಿ ಹಣ ತರುವ ಚಾತುರ್ಯದಲ್ಲಿ ಅವರು ಗಂಡಸರನ್ನು ಮೀರಿಸಿದ್ದಾರೆಂದು ಒಪ್ಪಬೇಕು.

ಎಲ್ಲ ಪದಾಧಿಕಾರಿಗಳೂ ಸಂತರೇ ಎಂದು ಹೇಳಹೊರಟರೆ ಓದುಗರು ನಕ್ಕಾರು. ಗೇಟಿನ ಬೀಗವೇ ಸಿಂಹಾಸನವಾದವರುಂಟು. ಬ್ರಹ್ಮಚಾರಿ ಬಾಡಿಗೆದಾರನನ್ನು ಕಂಡರೆ ಉರಿದುಬೀಳುವವರು, ನಿಂತು ಹೋದವರ ಮೀನಿನ ವಾಸನೆಗೂ ನಿಯಮ ಬರೆಯುವವರು, ಬಾಡಿಗೆಗೆ ಕೊಟ್ಟ ಮಾಲೀಕನಿಂದ ಮನಬಂದಷ್ಟು ವಸೂಲು ಮಾಡಿದವರು ಇದ್ದರು. ಈ ವಸೂಲಿಗೆ 2001ರಲ್ಲಿ ಸರಕಾರ ಸೇವಾ ಶುಲ್ಕದ ಶೇಕಡ 10ರ ಮಿತಿಯನ್ನು ಹಾಕಬೇಕಾಯಿತು. 2020ರ ಕೊರೋನಾ ಕಾಲದಲ್ಲಿ ಎರಡೂ ಮುಖಗಳು ಕಂಡವು. ಒಂದೆಡೆ ಸಮಿತಿಯವರೇ ಒಂಟಿ ವೃದ್ಧರ ಬಾಗಿಲಿಗೆ ತರಕಾರಿ, ಔಷಧಿ ಮುಟ್ಟಿಸಿದರು. ಇನ್ನೊಂದೆಡೆ ಆಸ್ಪತ್ರೆಯಿಂದ ಮರಳಿದ ದಾದಿಯರನ್ನು ಅಂಜಿಕೆಯಿಂದ ತಡೆದವರೂ ಇದ್ದರು. ಅತಿ ದೊಡ್ಡ ಪ್ರಲೋಭನೆ ಪುನರ್ನಿರ್ಮಾಣದ್ದು. ಕೋಟಿಗಳ ಆ ವ್ಯವಹಾರದಲ್ಲಿ ಯಾವ ಬಿಲ್ಡರನನ್ನು ಆರಿಸಬೇಕೆಂಬುದು ಮೂರು ನಾಲ್ಕು ಮಂದಿಯ ಮಾತಿನ ಮೇಲೆ ನಿಲ್ಲುವುದುಂಟು. ಆದ್ದರಿಂದಲೇ 2009ರಲ್ಲಿ ಹೊರಡಿಸಿ 2019ರಲ್ಲಿ ಪರಿಷ್ಕರಿಸಿದ ಸರಕಾರಿ ಆದೇಶ ಟೆಂಡರು, ಬಿಲ್ಡರನಿಂದ ಬ್ಯಾಂಕ್ ಗ್ಯಾರಂಟಿ, ಸಭೆಯ ವೀಡಿಯೋ ಚಿತ್ರಣ ಇವನ್ನೆಲ್ಲ ವಿಧಿಸಿದೆ. ಸದಸ್ಯರಲ್ಲಿ ಶೇಕಡ 51 ಮಂದಿಯ ಒಪ್ಪಿಗೆ ಅಗತ್ಯ. ನಿಯಮ ಎಷ್ಟೇ ಇದ್ದರೂ ಅದನ್ನು ಓದಿ ಪ್ರಶ್ನೆ ಕೇಳುವ ಸದಸ್ಯ ಎದುರಿಗೆ ಕುಳಿತಿರದಿದ್ದರೆ ಪ್ರಾಮಾಣಿಕನೂ ದಣಿಯುತ್ತಾನೆ, ಅಪ್ರಾಮಾಣಿಕನು ಕೊಬ್ಬುತ್ತಾನೆ.

ಆ ಸದಸ್ಯನೇ ಇಂದು ದುರ್ಲಭ. ಸಾಮಾನ್ಯ ಸಭೆಗೆ ಮೂರನೆಯ ಎರಡರಷ್ಟು ಸದಸ್ಯರು ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಕೂಡದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಆಮೇಲೆ ಬಂದಷ್ಟು ಮಂದಿಯಲ್ಲೇ ನಡೆಸಬಹುದು. ಎಷ್ಟೋ ಸೊಸಾಯಟಿಗಳಲ್ಲಿ ಈ ಅರ್ಧ ಗಂಟೆ ಕಾರ್ಯಕ್ರಮಪಟ್ಟಿಯ ಕಾಯಂ ಭಾಗವಾಗಿಬಿಟ್ಟಿದೆ. ಐದು ವರ್ಷಕ್ಕೊಮ್ಮೆ ಚುನಾವಣೆ ಬಂದಾಗ ನಿಲ್ಲುವವರೇ ಇರುವುದಿಲ್ಲ. ಸಮಿತಿ ರಚನೆಯಾಗದಿದ್ದರೆ ಉಪನಿಬಂಧಕರು ಆಡಳಿತಾಧಿಕಾರಿಯನ್ನು ನೇಮಿಸುತ್ತಾರೆ. ಆತನ ಸಂಭಾವನೆಯನ್ನು ಸದಸ್ಯರೇ ತೆರಬೇಕು. ಪುಕ್ಕಟೆ ದುಡಿಯುತ್ತಿದ್ದವನನ್ನು ಬೈದು ಓಡಿಸಿ, ಟಾಕಿಯ ಮುಚ್ಚಳ ಎಲ್ಲಿದೆಯೆಂದೂ ಅರಿಯದವನಿಗೆ ಹಣ ಕೊಡುವ ವ್ಯವಸ್ಥೆ ಅದು.

ಕಾರ್ಯದರ್ಶಿಯ ರಕ್ತದೊತ್ತಡದ ಬಗ್ಗೆಯೂ ಒಂದು ಮಾತು. ಅರವತ್ತು ದಾಟಿದವರೇ ಈ ಹುದ್ದೆಗಳಲ್ಲಿ ಹೆಚ್ಚು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬಂದ ಬೈಗಳಿಗೆ ಉತ್ತರ ಬರೆಯುವುದು ಆ ವಯಸ್ಸಿನ ಹೃದಯಕ್ಕೆ ಹಿತವಲ್ಲ. ದೂರುಗಳನ್ನು ಪುಸ್ತಕದಲ್ಲಿ ಬರೆಸಿ, ವಾರದಲ್ಲಿ ಒಂದು ಸಂಜೆ ಕಚೇರಿಯಲ್ಲಿ ಕುಳಿತು ಉತ್ತರಿಸುವ ಹಳೆಯ ಪದ್ಧತಿಗೆ ಮರಳಿದವರು ಸುಖವಾಗಿ ನಿದ್ರಿಸುತ್ತಾರೆ.

ಮಹಾರಾಷ್ಟ್ರದಲ್ಲಿ ಸೊಸಾಯಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಅದರ ಸೂಚನೆ 14 ದಿನ ಮೊದಲು ಬರುತ್ತದೆ, ನೋಟೀಸು ಬೋರ್ಡಿಗೂ ಏರುತ್ತದೆ. ಆ 14 ದಿನಗಳಲ್ಲಿ ನಗರ ಭೂಮಾಪನ ಕಚೇರಿಯಿಂದ ತಮ್ಮ ಕಟ್ಟಡದ ಪ್ರಾಪರ್ಟಿ ಕಾರ್ಡಿನ ಪ್ರತಿಯೊಂದನ್ನು ತರಿಸಿಕೊಂಡು, ಒಡೆಯನ ಕಾಲಮಿನಲ್ಲಿ ಯಾರ ಹೆಸರಿದೆಯೆಂದು ನೋಡಿ, ಆ ಕಾಗದದೊಂದಿಗೆ ಸಭೆಗೆ ಹೋಗಬಹುದು.